ಅಂಗಡಿಯ ಸ್ವಂತ ಬ್ರ್ಯಾಂಡಿನ ದಿನಸಿ: ಯಾವುದನ್ನು ಕಣ್ಣುಮುಚ್ಚಿ ಕೊಳ್ಳಬಹುದು, ಯಾವುದನ್ನು ಕಣ್ಣರಳಿಸಿ ನೋಡಬೇಕು

ಸೂಪರ್ ಮಾರ್ಕೆಟ್ಟಿನ ಬೇಳೆ ಸಾಲಿನಲ್ಲಿ ನೋಡಲು ಒಂದೇ ಥರದ ಎರಡು ಪ್ಯಾಕೆಟ್ ಅಕ್ಕಪಕ್ಕ ಕೂತಿರುತ್ತವೆ. ಒಂದು ಜಾಹೀರಾತಿನಲ್ಲಿ ಹೆಸರು ಕೇಳಿದ ಕಂಪನಿಯದು, ಇನ್ನೊಂದು ಆ ಅಂಗಡಿಯದೇ. ಡಿಮಾರ್ಟ್‌ನಲ್ಲಿ ಪ್ರೀಮಿಯಾ, ರಿಲಯನ್ಸ್ ಅಂಗಡಿಗಳಲ್ಲಿ ಗುಡ್ ಲೈಫ್, ಬಿಗ್‌ಬಾಸ್ಕೆಟ್‌ನಲ್ಲಿ ಬಿಬಿ ರಾಯಲ್ ಮತ್ತು ಬಿಬಿ ಪಾಪ್ಯುಲರ್, ಅಮೆಜಾನ್‌ನಲ್ಲಿ ವೇದಕ. ಇವೆಲ್ಲ ಅಂಗಡಿಯವರೇ ಹೆಸರಿಟ್ಟು ಮಾರುವ ಸರಕುಗಳು. ಇವುಗಳ ಬಗ್ಗೆ ಜನರಲ್ಲಿ ಎರಡೇ ಅಭಿಪ್ರಾಯ: ಕಡಿಮೆ ಬೆಲೆ ಅಂದರೆ ಕಳಪೆ ಅನ್ನುವವರು ಒಂದು ಕಡೆ, ಎಲ್ಲವೂ ಒಂದೇ ಕಾರ್ಖಾನೆಯಿಂದ ಬರುವುದು, ಹೆಸರಿಗೆ ಯಾಕೆ ದುಡ್ಡು ಕೊಡಬೇಕು ಅನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ಸರಿಯಲ್ಲ. ಅಂಗಡಿಯನ್ನು ನೋಡಿ ತೀರ್ಮಾನಿಸುವ ವಿಷಯವೇ ಅಲ್ಲ ಇದು. ಒಂದೊಂದು ಸಾಮಾನಿಗೂ ಬೇರೆ ಬೇರೆ ಲೆಕ್ಕ ಇದೆ, ಆ ಲೆಕ್ಕ ಪ್ಯಾಕೆಟ್ಟಿನ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ.

ಮೊದಲು ರಿಯಾಯಿತಿಯ ಮಾತು

ಅಂಗಡಿ ಬ್ರ್ಯಾಂಡಿನ ಮೇಲೆ ದೊಡ್ಡಕ್ಷರದಲ್ಲಿ ಕಾಣುವ "ಇಷ್ಟು ಪರ್ಸೆಂಟ್ ಉಳಿತಾಯ" ಎಂಬ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹೆಸರಾಂತ ಕಂಪನಿಯ ಎಂಆರ್‌ಪಿ ನಿರ್ಧರಿಸುವುದು ಕಂಪನಿ. ಅದೇ ಪ್ಯಾಕೆಟ್ ಬೀದಿಯ ಕಿರಾಣಿ ಅಂಗಡಿಯಲ್ಲೂ ಅದೇ ಎಂಆರ್‌ಪಿ ಹೊತ್ತು ಕೂತಿರುತ್ತದೆ, ಹಾಗಾಗಿ ಅದರ ಮೇಲಿನ ರಿಯಾಯಿತಿಗೆ ಒಂದು ಅರ್ಥ ಇದೆ. ಅಂಗಡಿ ಬ್ರ್ಯಾಂಡಿನಲ್ಲಿ ಎಂಆರ್‌ಪಿ ಅಚ್ಚು ಹಾಕಿಸುವವರೂ ಅಂಗಡಿಯವರೇ, ರಿಯಾಯಿತಿ ಕೊಡುವವರೂ ಅವರೇ. ಆ ಪ್ಯಾಕೆಟ್ ಬೇರೆಲ್ಲೂ ಸಿಗುವುದಿಲ್ಲವಾದ್ದರಿಂದ ಎಂಆರ್‌ಪಿಯನ್ನು ಹೋಲಿಸಿ ನೋಡಲು ಜಾಗವೇ ಇಲ್ಲ.

ಉದಾಹರಣೆಗೆ ಅಂಗಡಿಯ 1 ಕೆಜಿ ತೊಗರಿಬೇಳೆಗೆ ಎಂಆರ್‌ಪಿ 260 ರೂಪಾಯಿ, ಮಾರುವ ಬೆಲೆ 165 ಅಂದುಕೊಳ್ಳಿ. ಚೀಟಿಯ ಮೇಲೆ 95 ರೂಪಾಯಿ ಉಳಿತಾಯ ಅಂತ ಬರೆದಿರುತ್ತದೆ. ಪಕ್ಕದ ಹೆಸರಾಂತ ಬ್ರ್ಯಾಂಡಿಗೆ ಎಂಆರ್‌ಪಿ 190, ಮಾರುವ ಬೆಲೆ 172. ಇಲ್ಲಿ ನಿಮಗೆ ನಿಜಕ್ಕೂ ಉಳಿಯುವುದು 7 ರೂಪಾಯಿ ಮಾತ್ರ. ಆ 7 ರೂಪಾಯಿಗೆ ಬೇಳೆ ಬದಲಾಯಿಸಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ.

ಎರಡನೆಯದು ತೂಕ. ಪೊಟ್ಟಣ ಸರಕುಗಳ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಎಣ್ಣೆ, ಹಿಟ್ಟು, ಬಿಸ್ಕತ್ತಿನಂಥ ಸರಕನ್ನು ಇಂತಿಷ್ಟೇ ಅಳತೆಯ ಪ್ಯಾಕೆಟ್ಟಿನಲ್ಲಿ ಮಾರಬೇಕೆಂಬ ಕಟ್ಟುಪಾಡು ತೆಗೆದುಹಾಕಿದರು. ಅದರ ಬದಲು ಬಿಡಿ ಅಳತೆಯ ಬೆಲೆ, ಅಂದರೆ ಒಂದು ಗ್ರಾಮಿಗೆ ಅಥವಾ ಒಂದು ಕೆಜಿಗೆ ಎಷ್ಟು ಎಂಬುದನ್ನು ಪ್ಯಾಕೆಟ್ಟಿನ ಮೇಲೆ ಹಾಕುವಂತೆ ಮಾಡಿದರು. ಆಮೇಲಿಂದ 1 ಲೀಟರ್ ಎಣ್ಣೆ ಪ್ಯಾಕೆಟ್ಟಿನ ಪಕ್ಕದಲ್ಲೇ ಅದೇ ಗಾತ್ರದಂತೆ ಕಾಣುವ, 850 ಗ್ರಾಮೋ 800 ಗ್ರಾಮೋ ತೂಗುವ ಪ್ಯಾಕೆಟ್ ಬಂದು ಕೂತವು. 1 ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 910 ಗ್ರಾಮಿಗೆ 150 ರೂಪಾಯಿ ಅಂದರೆ ಕೆಜಿಗೆ ಸುಮಾರು 165. 800 ಗ್ರಾಮಿಗೆ 140 ಅಂದರೆ ಕೆಜಿಗೆ 175. ಕೈಗೆ 10 ರೂಪಾಯಿ ಅಗ್ಗ ಅನ್ನಿಸಿದ್ದು ಲೆಕ್ಕದಲ್ಲಿ 10 ರೂಪಾಯಿ ತುಟ್ಟಿ. ಪ್ಯಾಕೆಟ್ಟಿನ ಮೇಲಿನ ಬಿಡಿ ಬೆಲೆ ಎಂಆರ್‌ಪಿಯನ್ನು ಆಧರಿಸಿದ್ದು, ಮಾರುವ ಬೆಲೆಯನ್ನಲ್ಲ. ಆದ್ದರಿಂದ ಅಂಗಡಿಯ ಚೀಟಿಯ ಬೆಲೆಯನ್ನು ತೂಕದಿಂದ ನೀವೇ ಭಾಗಿಸಬೇಕು. ಫೋನಿನ ಕ್ಯಾಲ್ಕುಲೇಟರ್ ಸಾಕು.

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಎಂಬ ನಂಬಿಕೆಯನ್ನೂ ಹೀಗೇ ಪರೀಕ್ಷಿಸಿ. 5 ಕೆಜಿ ಹಿಟ್ಟಿನ ಚೀಲಕ್ಕಿಂತ 1 ಕೆಜಿಯ ಐದು ಪ್ಯಾಕೆಟ್ ಅಗ್ಗ ಬೀಳುವ ದಿನಗಳು ಇರುತ್ತವೆ.

ಅಕ್ಕಿ ಚೀಲದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 2022ರ ಜುಲೈ 18ಕ್ಕೆ ಮುಂಚೆ ನೋಂದಾಯಿತ ಬ್ರ್ಯಾಂಡಿನ ಅಕ್ಕಿ, ಬೇಳೆ, ಹಿಟ್ಟಿಗೆ ಮಾತ್ರ 5% ಜಿಎಸ್‌ಟಿ ಇತ್ತು. ಆ ದಿನದಿಂದ ಬ್ರ್ಯಾಂಡ್ ಇರಲಿ ಬಿಡಲಿ, 25 ಕೆಜಿವರೆಗಿನ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಧಾನ್ಯಕ್ಕೆಲ್ಲ 5% ಬಂತು. ಚಿಲ್ಲರೆಯಾಗಿ ತೂಗಿ ಕೊಡುವುದಕ್ಕೆ ಇಲ್ಲ. ಅದಾದ ಮೇಲೆ ನಮ್ಮ ಮಾರುಕಟ್ಟೆಗಳಲ್ಲಿ 26 ಕೆಜಿ ಅಕ್ಕಿ ಚೀಲ ಕಾಣಿಸಿಕೊಂಡಿದ್ದು ಇದೇ ಕಾರಣಕ್ಕೆ. ಒಂದು ಕಡೆ 25 ಕೆಜಿ ಚೀಲ, ಇನ್ನೊಂದು ಕಡೆ 26 ಕೆಜಿ ಚೀಲ ಇದ್ದಾಗ ಚೀಲದ ಬೆಲೆ ಹೋಲಿಸಬೇಡಿ, ಕೆಜಿಯ ಬೆಲೆ ಹೋಲಿಸಿ.

ಪ್ಯಾಕೆಟ್ ತಿರುಗಿಸಿ

"ಒಂದೇ ಕಾರ್ಖಾನೆ" ಎಂಬ ಮಾತು ನಿಜವೋ ಸುಳ್ಳೋ ತಿಳಿಯಲು ಊಹೆ ಬೇಕಿಲ್ಲ. ಬ್ರ್ಯಾಂಡ್ ಯಾರದು, ತಯಾರಿಸಿದವರು ಅಥವಾ ಪ್ಯಾಕ್ ಮಾಡಿದವರು ಯಾರು, ಅವರ ವಿಳಾಸ ಮತ್ತು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಹಿಂಬದಿಯಲ್ಲಿ ಇರಲೇಬೇಕು. ಅಂಗಡಿ ಬ್ರ್ಯಾಂಡಿನಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆ ಕಾಣುತ್ತವೆ. ಎಫ್‌ಎಸ್‌ಎಸ್‌ಎಐ ಚಿಹ್ನೆಯ ಕೆಳಗಿರುವುದು ಬ್ರ್ಯಾಂಡ್ ಒಡೆಯರದು, ತಯಾರಕರ ವಿಳಾಸದ ಪಕ್ಕ ಇರುವುದು ಕಾರ್ಖಾನೆಯದು. ನಿಮಗೆ ಬೇಕಾದ್ದು ಎರಡನೆಯದು.

ಸಂಖ್ಯೆ 14 ಅಂಕಿಗಳದ್ದು. ಮೊದಲ ಅಂಕಿ 1 ಆದರೆ ಪರವಾನಗಿ, 2 ಆದರೆ ಸಣ್ಣ ಪ್ರಮಾಣದವರ ನೋಂದಣಿ. ನಂತರದ ಎರಡು ಅಂಕಿ ರಾಜ್ಯದ್ದು. ಕರ್ನಾಟಕದ ಪರವಾನಗಿ 112 ಎಂದು ಶುರುವಾಗುತ್ತದೆ, ಕೇಂದ್ರ ಪರವಾನಗಿ 100 ಎಂದು. ಅದರ ಮುಂದಿನ ಎರಡು ಅಂಕಿ ಪರವಾನಗಿ ಕೊಟ್ಟ ವರ್ಷ. ಈ ಸಂಖ್ಯೆಯನ್ನು ಎಫ್‌ಎಸ್‌ಎಸ್‌ಎಐನ ಫಾಸ್‌ಕಾಸ್ ಜಾಲತಾಣದಲ್ಲಿ ಹಾಕಿದರೆ ಸಂಸ್ಥೆಯ ಹೆಸರು ಬರುತ್ತದೆ. ಅಂಗಡಿಯ ಕೆಚಪ್ಪಿನ ಮೇಲಿನ ಕಾರ್ಖಾನೆ ಸಂಖ್ಯೆಯೂ ಹೆಸರಾಂತ ಕೆಚಪ್ಪಿನ ಮೇಲಿನ ಸಂಖ್ಯೆಯೂ ಒಂದೇ ಆದರೆ ಕಾರ್ಖಾನೆ ಒಂದೇ.

ಆದರೆ ಕಾರ್ಖಾನೆ ಒಂದೇ ಆದ ಮಾತ್ರಕ್ಕೆ ಒಳಗಿನ ಸರಕು ಒಂದೇ ಆಗುವುದಿಲ್ಲ. ಒಬ್ಬನೇ ಅಡುಗೆಯವನು ಎರಡು ಮದುವೆಗೆ ಎರಡು ದರದ ಊಟ ಮಾಡಿಕೊಡುವಂತೆ, ತಯಾರಕ ತನಗೆ ಕೊಟ್ಟ ಪಟ್ಟಿಯ ಪ್ರಕಾರ ಮಾಡುತ್ತಾನೆ. ಆ ಪಟ್ಟಿ ತಿಳಿಯುವುದು ಪದಾರ್ಥಗಳ ಸಾಲಿನಿಂದ. ಅಲ್ಲಿ ಎಲ್ಲವನ್ನೂ ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಎಂಬುದು ನಿಯಮ. ಮುಂಬದಿಯಲ್ಲಿ ಯಾವುದಾದರೂ ಪದಾರ್ಥವನ್ನು ಎತ್ತಿ ತೋರಿಸಿದ್ದರೆ, ಬಾದಾಮಿ ಬಿಸ್ಕತ್ತು ಎಂದೋ ಬೆಣ್ಣೆ ಕುಕ್ಕಿ ಎಂದೋ, ಅದು ಎಷ್ಟು ಶೇಕಡಾ ಇದೆ ಎಂದು ಹಿಂದೆ ಹೇಳಬೇಕು. ಎರಡು ಪ್ಯಾಕೆಟ್ಟಿನ ಆ ಶೇಕಡಾವಾರು ಸಂಖ್ಯೆಗಳನ್ನು ಹೋಲಿಸಿದರೆ ಅರ್ಧ ತೀರ್ಮಾನ ಅಲ್ಲೇ ಮುಗಿಯಿತು.

ಬೆಲೆ ಕಡಿಮೆ ಯಾಕೆ ಎಂಬುದಕ್ಕೂ ಸರಳ ಉತ್ತರ ಇದೆ. ಜಾಹೀರಾತಿಲ್ಲ, ವಿತರಕರಿಲ್ಲ, ಅಂಗಡಿಯ ಮುಂದಿನ ಕಪಾಟಿಗೆ ಬಾಡಿಗೆ ಕೊಡಬೇಕಿಲ್ಲ. ಇದು ಕಳಪೆಯ ಲಕ್ಷಣವಲ್ಲ. ಕಳಪೆಯೋ ಅಲ್ಲವೋ ಎಂಬ ಪ್ರಶ್ನೆ ಸಾಮಾನಿನ ಸ್ವಭಾವವನ್ನು ಅವಲಂಬಿಸಿದೆ.

ಯೋಚಿಸದೆ ಅಂಗಡಿಯದನ್ನೇ ತರಬಹುದಾದವು

ಸಕ್ಕರೆ. ಅಂಗಡಿಯವರು ಮಾಡುವುದು ಕಾರ್ಖಾನೆಯ ದೊಡ್ಡ ಚೀಲ ಒಡೆದು ಸಣ್ಣ ಪ್ಯಾಕೆಟ್ ಕಟ್ಟುವುದಷ್ಟೇ. ಸಕ್ಕರೆಯ ದರ್ಜೆಗಳಲ್ಲಿ ಎಸ್-30 ಅಂದರೆ ಸಣ್ಣ ಹರಳು, ಎಂ-30 ಅಂದರೆ ಮಧ್ಯಮ. ಅಕ್ಷರ ಹರಳಿನ ಗಾತ್ರ ಹೇಳುತ್ತದೆ, ಅಂಕಿ ಬಣ್ಣದ ಬಿಳುಪನ್ನು. ಸಣ್ಣ ಹರಳು ಬೇಗ ಕರಗುತ್ತದೆ, ಸಿಹಿ ಎರಡರಲ್ಲೂ ಒಂದೇ. ಗಂಧಕ ಬಳಸದೆ ಶುದ್ಧಿ ಮಾಡಿದ ಸಕ್ಕರೆ ಬೇಕೆಂದರೆ ಮಾತ್ರ ಚೀಟಿಯಲ್ಲಿ ಆ ಮಾತು ಇದೆಯೇ ನೋಡಿ, ಅದಕ್ಕೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥ ಇದೆ.

ಉಪ್ಪು. ಅಯೋಡಿನ್ ಕೊಳ್ಳುವವರ ಕೈಸೇರುವ ಹೊತ್ತಿಗೆ ಕನಿಷ್ಠ 15 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 15 ಭಾಗ ಇರಬೇಕು. ಈ ಕಟ್ಟಳೆ ಎಲ್ಲ ಬ್ರ್ಯಾಂಡಿಗೂ ಒಂದೇ. ಗಂಟು ಕಟ್ಟದಂತೆ ಹಾಕುವ ಐಎನ್‌ಎಸ್ 536, 551 ಎಂಬ ಸಂಖ್ಯೆಯ ಸೇರ್ಪಡೆಗಳೂ ಸಾಮಾನ್ಯವಾಗಿ ಅಂಗಡಿಯದರಲ್ಲೂ ಹೆಸರಾಂತ ಕಂಪನಿಯದರಲ್ಲೂ ಇರುತ್ತವೆ. ಬ್ರ್ಯಾಂಡಿಗಿಂತ ಮುಖ್ಯವಾದದ್ದು ಮನೆಯಲ್ಲಿ ಅದನ್ನು ಇಡುವ ರೀತಿ. ಒಲೆಯ ಪಕ್ಕ ತೆರೆದ ಬಟ್ಟಲಿನಲ್ಲಿಟ್ಟರೆ ತೇವಕ್ಕೂ ಬೆಳಕಿಗೂ ಅಯೋಡಿನ್ ಕಳೆದುಹೋಗುತ್ತದೆ, ಎಷ್ಟು ದೊಡ್ಡ ಹೆಸರಿನ ಉಪ್ಪಾದರೂ ಸರಿ.

ರಿಫೈನ್ಡ್ ಸೂರ್ಯಕಾಂತಿ ಎಣ್ಣೆ. ರಿಫೈನ್ ಮಾಡುವುದೆಂದರೆ ಬಣ್ಣ, ವಾಸನೆ, ರುಚಿ ಎಲ್ಲವನ್ನೂ ತೆಗೆಯುವುದು. ಉಳಿಯುವುದು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಪ್ಲಸ್ ಎಫ್ ಚಿಹ್ನೆ ಇದ್ದರೆ ವಿಟಮಿನ್ ಎ ಮತ್ತು ಡಿ ಸೇರಿಸಿದ್ದಾರೆ. ಒಂದೇ ಎಚ್ಚರಿಕೆ, ಮುಂಬದಿಯಲ್ಲಿ ಸೂರ್ಯಕಾಂತಿ ಹೂವಿನ ಚಿತ್ರ ಇದ್ದು ಹಿಂಬದಿಯಲ್ಲಿ "ಮಿಶ್ರ ಖಾದ್ಯ ತೈಲ" ಎಂದಿದ್ದರೆ ಅದು ಎರಡು ಎಣ್ಣೆಗಳ ಬೆರಕೆ. ಬೆರಕೆ ಕಾನೂನುಬದ್ಧ, ಆದರೆ ಯಾವ ಎಣ್ಣೆ ಎಷ್ಟು ಶೇಕಡಾ ಎಂದು ಬರೆದಿರಬೇಕು. ಅದರ ಬೆಲೆಯನ್ನು ಶುದ್ಧ ಸೂರ್ಯಕಾಂತಿ ಎಣ್ಣೆಯ ಬೆಲೆಗೆ ಹೋಲಿಸಬೇಡಿ. ಈ ಮಾತು ಗಾಣದ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಗೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ವಾಸನೆಯೇ ಸರಕು, ಅಲ್ಲಿ ತಯಾರಕನ ಗುರುತಿರಬೇಕು. ಎಳ್ಳೆಣ್ಣೆ ಸಾಲಿನಲ್ಲಿ ದೀಪದ ಎಣ್ಣೆಯ ಬಾಟಲಿಯೂ ಅದೇ ಬಣ್ಣದಲ್ಲಿ ಇರುತ್ತದೆ. ತಿನ್ನಲು ಅಲ್ಲ ಎಂಬ ಸಣ್ಣ ಸಾಲು ಅದರ ಮೇಲಿರುತ್ತದೆ, ಅವಸರದಲ್ಲಿ ಬುಟ್ಟಿಗೆ ಹಾಕಿಕೊಳ್ಳಬೇಡಿ.

ಗೋಡಂಬಿಯಲ್ಲಂತೂ ಬ್ರ್ಯಾಂಡು ನೋಡುವುದೇ ಬೇಡ, ಎಣಿಸಿದರೆ ಸಾಕು. ಗೋಡಂಬಿಯ ದರ್ಜೆ ಡಬ್ಲ್ಯೂ 320 ಎಂದರೆ ಒಂದು ಪೌಂಡಿಗೆ 300ರಿಂದ 320 ಬೀಜ, ಡಬ್ಲ್ಯೂ 240 ಎಂದರೆ 220ರಿಂದ 240. ನಮ್ಮ ಅಳತೆಗೆ ತಂದರೆ 100 ಗ್ರಾಂ ಡಬ್ಲ್ಯೂ 320ರಲ್ಲಿ 66ರಿಂದ 70 ಬೀಜ, ಡಬ್ಲ್ಯೂ 240ರಲ್ಲಿ 48ರಿಂದ 53. ಪ್ಯಾಕೆಟ್ಟಿನ ಮೇಲೆ ದರ್ಜೆ ಹಾಕಿಲ್ಲದಿದ್ದರೆ ಮನೆಗೆ ತಂದು 100 ಗ್ರಾಂ ತೂಗಿ ಎಣಿಸಿ, ಮುಂದಿನ ಸಲ ಯಾವುದಕ್ಕೆ ಎಷ್ಟು ಕೊಡಬೇಕೆಂದು ತಿಳಿಯುತ್ತದೆ. ಪಾಯಸಕ್ಕೆ, ಉಪ್ಪಿಟ್ಟಿಗೆ, ಗ್ರೇವಿಗೆ ರುಬ್ಬಲು ಅಂಗಡಿ ಬ್ರ್ಯಾಂಡಿನ ಹೋಳು ಗೋಡಂಬಿ ಸಾಕು. ಇಡಿ ಬೀಜಕ್ಕೆ ಕೊಡುವ ಹೆಚ್ಚಿನ ಹಣ ನೋಟಕ್ಕೆ, ರುಚಿಗಲ್ಲ. ಮುರಿದಾಗ ಟಕ್ಕೆಂದು ಮುರಿಯಬೇಕು. ಬಗ್ಗಿದರೆ ತೇವ ಎಳೆದಿದೆ.

ಕಾಳುಮೆಣಸಿಗೂ ಇಂಥದೇ ಅಳತೆ ಇದೆ. ವ್ಯಾಪಾರದಲ್ಲಿ ಅದನ್ನು ಲೀಟರಿನ ತೂಕದಿಂದ ಅಳೆಯುತ್ತಾರೆ. ಒಂದು ಲೀಟರ್ ಮೆಣಸು 500ರಿಂದ 550 ಗ್ರಾಂ ತೂಗಿದರೆ ತುಂಬಿದ ಕಾಳು. ಮನೆಯಲ್ಲಿ 100 ಮಿಲಿ ಅಳತೆ ಲೋಟ ತುಂಬಿ ತೂಗಿ, 50 ಗ್ರಾಮಿಗಿಂತ ಸಾಕಷ್ಟು ಕಡಿಮೆ ಬಂದರೆ ಒಳಗೆ ಜೊಳ್ಳು ಇದೆ. ಜೀರಿಗೆ, ಸಾಸಿವೆ, ಮೆಂತ್ಯ, ಕೊತ್ತಂಬರಿ ಬೀಜ ಇವನ್ನೆಲ್ಲ ಪಾರದರ್ಶಕ ಪ್ಯಾಕೆಟ್ಟಿನಲ್ಲಿ ಕಣ್ಣಿಂದ ನೋಡಿಯೇ ಕೊಳ್ಳಬಹುದು. ಕಡ್ಡಿ ಕಸ ಇಲ್ಲದಿದ್ದರೆ ಅಂಗಡಿಯದೇ ಸಾಕು.

ಪ್ರತಿ ಸಲವೂ ಪರೀಕ್ಷಿಸಬೇಕಾದವು

ತೊಗರಿಬೇಳೆ, ಅಕ್ಕಿ, ಗೋಧಿಹಿಟ್ಟು. ಈ ಮೂರರಲ್ಲಿ ಅಂಗಡಿ ಬ್ರ್ಯಾಂಡಿನ ನಿಜವಾದ ದೌರ್ಬಲ್ಯ ಕಾಣುವುದು. ಅದು ಕಳಪೆತನ ಅಲ್ಲ, ಅಸ್ಥಿರತೆ. ಅಂಗಡಿಯವರು ಆ ತಿಂಗಳು ಯಾರು ಒಳ್ಳೆಯ ದರ ಕೊಡುತ್ತಾರೋ ಅವರಿಂದ ಸರಕು ಎತ್ತುತ್ತಾರೆ, ಆದ್ದರಿಂದ ಹೋದ ತಿಂಗಳ ಪ್ಯಾಕೆಟ್ ಹೂವಿನಂತೆ ಬೆಂದದ್ದು ಈ ತಿಂಗಳು ಕಲ್ಲಾಗಿ ಉಳಿಯಬಹುದು. ಹಿಂಬದಿಯ ಪ್ಯಾಕ್ ಮಾಡಿದವರ ವಿಳಾಸ ಬದಲಾಗಿದ್ದರೆ ಅದನ್ನು ಹೊಸ ಬ್ರ್ಯಾಂಡ್ ಎಂದೇ ಎಣಿಸಿ.

ತೊಗರಿಬೇಳೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ದಿನವೂ ಬೇಯುವುದು ಅದೇ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿಯ ಹೊಸ ಬೆಳೆ ಡಿಸೆಂಬರಿನಿಂದ ಫೆಬ್ರವರಿಯ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಇದಲ್ಲದೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದಲೂ ತೊಗರಿ ಆಮದಾಗುತ್ತದೆ, ಇಲ್ಲಿಯ ಮಿಲ್ಲುಗಳಲ್ಲಿ ಬೇಳೆಯಾಗುತ್ತದೆ. ಪ್ಯಾಕೆಟ್ಟಿನ ಮೇಲೆ ಕಾಣುವುದು ಪ್ಯಾಕ್ ಮಾಡಿದ ತಿಂಗಳು, ಬೆಳೆದ ತಿಂಗಳಲ್ಲ. ಹಳೆಯ ಬೇಳೆಯೂ ಹೊಸ ತಾರೀಖಿನ ಪ್ಯಾಕೆಟ್ಟಿನಲ್ಲಿ ಬರಬಹುದು.

ಹೊಳೆಯುವ ಬೇಳೆ ಒಳ್ಳೆಯ ಬೇಳೆ ಅಲ್ಲ. ಆ ಹೊಳಪು ನೀರಿನಿಂದಲೋ ಎಣ್ಣೆಯಿಂದಲೋ ಪಾಲಿಶ್ ಮಾಡಿದ್ದು. ಪಾಲಿಶ್ ಇಲ್ಲದ ಬೇಳೆ ಮಂಕಾಗಿ, ಮೇಲೆ ತೆಳುವಾದ ಹಿಟ್ಟು ಸವರಿದಂತೆ ಕಾಣುತ್ತದೆ. ಸಾರಿನ ಕಟ್ಟು ದಪ್ಪವಾಗಿ ಬರುವುದು ಅದರಲ್ಲೇ. ಅಂಗಡಿ ಬ್ರ್ಯಾಂಡಿನಲ್ಲಿ ಪಾಲಿಶ್ ಮಾಡದ ಬೇಳೆ ಪ್ರತ್ಯೇಕವಾಗಿ ಸಿಗುತ್ತಿದ್ದರೆ, ಹೆಸರಾಂತ ಕಂಪನಿಯ ಹೊಳೆಯುವ ಬೇಳೆಯನ್ನು ಬಿಟ್ಟು ಅದನ್ನು ತನ್ನಿ.

ಎರಡು ಬೇಳೆ ಹೋಲಿಸುವ ಕ್ರಮ ಇದು. ಒಂದೇ ಗಾತ್ರದ ಎರಡು ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ 50 ಗ್ರಾಂ ಬೇಳೆ, ಎರಡು ಸಲ ತೊಳೆದು 150 ಮಿಲಿ ನೀರು. ಎರಡನ್ನೂ ಒಂದೇ ಕುಕ್ಕರಿನಲ್ಲಿ ಅಕ್ಕಪಕ್ಕ ಇಟ್ಟು 4 ಸೀಟಿ ಕೂಗಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ಚಮಚದ ಬೆನ್ನಿನಿಂದ ಎರಡನ್ನೂ ಸಮವಾಗಿ ಹತ್ತು ಸಲ ಮಸೆಯಿರಿ. ಯಾವುದರಲ್ಲಿ ಕಾಳು ಉಳಿದಿದೆ, ಯಾವುದು ಒಂದಾಗಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಉಪ್ಪು, ಹುಣಸೆ ಹಾಕಬೇಡಿ, ಹುಳಿ ಬಿದ್ದರೆ ಬೇಳೆ ಗಟ್ಟಿಯಾಗುತ್ತದೆ. ಇಲ್ಲಿ ಬಹಳ ಜನ ಎಡವುವುದು ನೀರಿನಲ್ಲಿ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ ಜೊತೆ ಬೆಸೆದುಕೊಂಡು ಅದು ಕರಗದಂತೆ ಮಾಡುತ್ತವೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ಬೆಂದ ಬೇಳೆಯೇ ಬೋರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಬೇಯದಿರಲು ಇದೇ ಕಾರಣ. ಬೇಳೆಯನ್ನು ದೂರುವ ಮುನ್ನ ಕುಡಿಯುವ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿ.

ಅಕ್ಕಿಯಲ್ಲಿ ಬ್ರ್ಯಾಂಡಿಗಿಂತ ಮೂರು ವಿಷಯ ದೊಡ್ಡವು. ಹಳೆಯದೋ ಹೊಸದೋ, ಹಸಿಯೋ ಸ್ಟೀಮೋ, ನುಚ್ಚು ಎಷ್ಟು. ಸೋನಾ ಮಸೂರಿ ಹೆಸರಿನಲ್ಲಿ ಬಿಪಿಟಿ 5204, ಆರ್‌ಎನ್‌ಆರ್ 15048ರಂಥ ಬೇರೆ ತಳಿಗಳೂ ಮಾರಾಟವಾಗುತ್ತವೆ, ಆದ್ದರಿಂದ ಮುಂಬದಿಯ ಹೆಸರನ್ನಷ್ಟೇ ನಂಬಿ 25 ಕೆಜಿ ಚೀಲ ತರುವುದು ಅಪಾಯ. ಮೊದಲು 1 ಕೆಜಿ ತನ್ನಿ. 100 ಗ್ರಾಂ ತೂಗಿ ತಟ್ಟೆಯಲ್ಲಿ ಹರಡಿ, ಇಡಿ ಕಾಳಿನ ಮುಕ್ಕಾಲು ಉದ್ದಕ್ಕಿಂತ ಚಿಕ್ಕದಾದ ಚೂರುಗಳನ್ನೆಲ್ಲ ಬೇರೆ ಮಾಡಿ ತೂಗಿ. ಬಂದ ಗ್ರಾಮೇ ನುಚ್ಚಿನ ಶೇಕಡಾ. ಒಂದು ವರ್ಷ ಹಳೆಯದಾದ ಅಕ್ಕಿ ಕುಕ್ಕರಿನಲ್ಲಿ ಒಂದು ಅಳತೆಗೆ ಎರಡೂವರೆ ಅಳತೆ ನೀರು ಕುಡಿದು ಉದುರುದುರಾಗಿ ನಿಲ್ಲುತ್ತದೆ. ಹೊಸ ಅಕ್ಕಿಗೆ ಎರಡು ಅಳತೆಯೇ ಹೆಚ್ಚು, ಅನ್ನ ಮುದ್ದೆಯಾಗುತ್ತದೆ. ಅಂಗಡಿ ಬ್ರ್ಯಾಂಡ್ ಅಕ್ಕಿ ಅಂಟಂಟು ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಹೊಸ ಅಕ್ಕಿಗೆ ಹಳೆಯ ಅಕ್ಕಿಯ ನೀರು ಹಾಕಿದ್ದು. ಸ್ಟೀಮ್ ಅಕ್ಕಿ ಭತ್ತವನ್ನು ಹಬೆಯಲ್ಲಿ ಹದಮಾಡಿ ಮಿಲ್ಲು ಮಾಡಿದ್ದು, ನುಚ್ಚು ಕಡಿಮೆ, ಅನ್ನ ಬಿಡಿಬಿಡಿ. ಚಿತ್ರಾನ್ನ, ಪುಳಿಯೋಗರೆಗೆ ಚೆನ್ನ. ಬಿಸಿಬೇಳೆಬಾತ್, ಪೊಂಗಲ್‌ಗೆ ಹಸಿ ಅಕ್ಕಿಯೇ ಬೇಕು, ಸ್ಟೀಮ್ ಅಕ್ಕಿ ಬೇಳೆಯ ಜೊತೆ ಬೆರೆಯುವುದಿಲ್ಲ.

ಇದನ್ನೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೇಳುವುದಾದರೆ, ಅಕ್ಕಿಗೆ ಮಾತ್ರ ಸೂಪರ್ ಮಾರ್ಕೆಟ್ಟಿನ ಎರಡು ಬ್ರ್ಯಾಂಡಿನ ನಡುವೆ ಆರಿಸುವುದಕ್ಕಿಂತ ಊರಿನ ಅಕ್ಕಿ ಮಂಡಿಯೇ ಮೇಲು. ಯಶವಂತಪುರದ ಎಪಿಎಂಸಿಯಂಥ ಜಾಗದಲ್ಲಾಗಲಿ, ತಾಲ್ಲೂಕು ಕೇಂದ್ರದ ಹಳೆಯ ಅಂಗಡಿಯಲ್ಲಾಗಲಿ, ಮಾದರಿ ಅಕ್ಕಿ ಕೈಯಲ್ಲಿ ಹಿಡಿದು ನೋಡಬಹುದು, ಹಳೆಯದೋ ಹೊಸದೋ ಎಂದು ಕೇಳಬಹುದು.

ಗೋಧಿಹಿಟ್ಟಿನ ಪದಾರ್ಥ ಸಾಲಿನಲ್ಲಿ ಇಡಿ ಗೋಧಿ ಎಂಬುದೊಂದೇ ಇರಬೇಕು. 100 ಗ್ರಾಂ ಹಿಟ್ಟಿಗೆ 60 ಮಿಲಿ ನೀರು ಹಾಕಿ ನಾದಿ 20 ನಿಮಿಷ ಮುಚ್ಚಿಡಿ. ಆಮೇಲೆ ಅದೇ ಉಂಡೆಯನ್ನು ಬಟ್ಟಲಿನ ನೀರಿನಲ್ಲಿ ಹಿಸುಕುತ್ತಾ, ನೀರು ತಿಳಿಯಾಗುವ ತನಕ ಬದಲಾಯಿಸುತ್ತಾ ತೊಳೆಯಿರಿ. ಪಿಷ್ಟ ಹೋಗಿ ರಬ್ಬರಿನಂಥ ಅಂಟು ಉಳಿಯುತ್ತದೆ, ಅದೇ ಗ್ಲುಟೆನ್. ಹಿಂಡಿ ತೂಗಿದಾಗ 25 ಗ್ರಾಮಿನ ಆಸುಪಾಸು ಇದ್ದರೆ ಚಪಾತಿ ಮೆತ್ತಗೆ ಬರುತ್ತದೆ. ತೀರಾ ಕಡಿಮೆಯಿದ್ದು ಎಳೆದರೆ ಹರಿದುಹೋದರೆ ಲಟ್ಟಿಸುವಾಗಲೂ ಹರಿಯುತ್ತದೆ. ಹಿಟ್ಟಿನಲ್ಲಿ ಗೋಧಿಯ ಮೊಳಕೆಭಾಗದ ಕೊಬ್ಬು ಇರುವುದರಿಂದ ಮೂರು ತಿಂಗಳು ದಾಟುತ್ತಲೇ ಕಹಿ ಕಾಣಿಸತೊಡಗುತ್ತದೆ. ಹಾಗಾಗಿ ಹಿಟ್ಟಿನ ಮಟ್ಟಿಗೆ ಬ್ರ್ಯಾಂಡಿಗಿಂತ ತಾರೀಖು ಮುಖ್ಯ. ಹೆಸರಾಂತ ಕಂಪನಿಯ ಎರಡು ತಿಂಗಳ ಹಿಂದಿನ ಚೀಲಕ್ಕಿಂತ ಅಂಗಡಿಯ ಎರಡು ವಾರದ ಹಿಂದಿನದು ಖಂಡಿತ ಮೇಲು. ಕಪಾಟಿನ ಹಿಂದಿನ ಸಾಲಿನಿಂದ ಎಳೆದುಕೊಳ್ಳಿ, ಹೊಸ ತಾರೀಖು ಅಲ್ಲೇ ಇರುತ್ತದೆ.

ಹೆಸರಿಗೆ ಕಾಸು ಕೊಡಬೇಕಾದವು

ಸಾಂಬಾರ್ ಪುಡಿ, ಬಿಸಿಬೇಳೆಬಾತ್ ಪುಡಿ, ಪುಳಿಯೋಗರೆ ಮಿಶ್ರಣ. ಇಲ್ಲಿ ನೀವು ಕೊಳ್ಳುವುದು ಪಾಕವಿಧಾನ, ಬರೀ ಪದಾರ್ಥವಲ್ಲ. ಎಂಟಿಆರ್‌ನಂಥ ಹಳೆಯ ಬ್ರ್ಯಾಂಡುಗಳು ಬೆಲೆ ಕೇಳುವುದು ಆ ಒಂದೇ ರುಚಿಯನ್ನು ವರ್ಷವರ್ಷವೂ ಕೊಡುವುದಕ್ಕೆ. ಆದರೂ ಸಾಲು ಓದಿ. ಕೊತ್ತಂಬರಿ, ಮೆಣಸಿನಕಾಯಿ, ಬೇಳೆ, ಮೆಂತ್ಯ ಮೊದಲು ಬಂದರೆ ಸರಿ. ಉಪ್ಪು ಅಥವಾ ಯಾವುದಾದರೂ ಹಿಟ್ಟು ಮೊದಲ ಮೂರರಲ್ಲಿ ಇದ್ದರೆ ಮಸಾಲೆಯ ಬೆಲೆಗೆ ಉಪ್ಪು ಕೊಳ್ಳುತ್ತಿದ್ದೀರಿ. ತೆರೆದ ಮೇಲೆ ಎರಡು ಮೂರು ತಿಂಗಳಿಗೆ ಘಮ ಇಳಿಯುತ್ತದೆ, ಆದ್ದರಿಂದ ಅಂಗಡಿಯ 500 ಗ್ರಾಂ ಅಗ್ಗದ ಪ್ಯಾಕಿಗಿಂತ 100 ಗ್ರಾಂ ಒಳ್ಳೆಯದು ಲಾಭ.

ಖಾರದಪುಡಿಯಲ್ಲಿ ಬ್ಯಾಡಗಿಯೋ ಗುಂಟೂರೋ ಎಂದು ಬರೆದಿರುವುದನ್ನೇ ಆರಿಸಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಖಾರ ಕೊಡುತ್ತದೆ. ತಳಿ ಹೇಳದ ಪ್ಯಾಕೆಟ್ಟಿನಲ್ಲಿ ಏನು ಬೇಕಾದರೂ ಇರಬಹುದು, ಅಡುಗೆಯ ಅಂದಾಜು ಪ್ರತಿ ಸಲ ತಪ್ಪುತ್ತದೆ. ಖಾರದಪುಡಿಗೆ 2% ತನಕ ಖಾದ್ಯ ಎಣ್ಣೆ ಸೇರಿಸಲು ಅನುಮತಿ ಇದೆ, ಆದರೆ ಚೀಟಿಯಲ್ಲಿ ಹೇಳಬೇಕು. ಅರಿಸಿನ, ಖಾರದಪುಡಿ ಎರಡಕ್ಕೂ ಸರ್ಕಾರದ ಗುಣಮಟ್ಟದ ಗುರುತಾದ ಅಗ್‌ಮಾರ್ಕ್ ಇದ್ದರೆ ಅಂಗಡಿಯ ಬ್ರ್ಯಾಂಡೂ ಆಗಬಹುದು. ಇಂಗು ಕೊಳ್ಳುವಾಗ ಪದಾರ್ಥ ಸಾಲು ನೋಡಿದರೆ ಗೋಂದು, ಗೋಧಿ ಅಥವಾ ಅಕ್ಕಿ ಹಿಟ್ಟು, ಆಮೇಲೆ ಇಂಗು ಎಂದು ಕಾಣುತ್ತದೆ. ಗ್ಲುಟೆನ್ ಆಗದವರಿಗೆ ಗೋಧಿ ಹಿಟ್ಟಿನ ಇಂಗು ಬೇಡ.

ಕಾಫಿಪುಡಿ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು ಶೇಕಡಾ, ಚಿಕೋರಿ ಎಷ್ಟು ಶೇಕಡಾ ಎಂದು ಬರೆಯಲೇಬೇಕು. ಕಾಫಿ 51%ಕ್ಕಿಂತ ಕಡಿಮೆ ಇರುವಂತಿಲ್ಲ. ಅಂಗಡಿಯ 60:40 ಪುಡಿಯ ಬೆಲೆಯನ್ನು ಹೆಸರಾಂತ 80:20 ಪುಡಿಯ ಬೆಲೆಗೆ ಹೋಲಿಸಿ ಅಗ್ಗ ಅನ್ನುವುದು ತಪ್ಪು ಲೆಕ್ಕ. ತಣ್ಣೀರಿನ ಲೋಟದ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ತಳಕ್ಕಿಳಿಯುತ್ತದೆ. ಫಿಲ್ಟರ್ ಕಾಫಿಯಾದರೆ ಅಂಗಡಿಯ ಪ್ಯಾಕೆಟ್, ಹೆಸರಾಂತ ಪ್ಯಾಕೆಟ್ ಎರಡನ್ನೂ ಬಿಟ್ಟು ಹುರಿದು ಅಲ್ಲೇ ಪುಡಿ ಮಾಡಿಕೊಡುವ ಅಂಗಡಿಗೆ ಹೋಗಿ. ಅದು ಕರ್ನಾಟಕದ ಊರೂರಲ್ಲೂ ಇರುವಾಗ ಪ್ಯಾಕೆಟ್ಟಿನ ಚರ್ಚೆಯೇ ಬೇಕಿಲ್ಲ.

ತುಪ್ಪ, ಪನೀರ್, ಚೀಸ್‌ನಲ್ಲಿ ನಾನು ಅಗ್ಗವನ್ನು ಹುಡುಕುವುದಿಲ್ಲ. ತುಪ್ಪದಲ್ಲಿ 99.5% ಹಾಲಿನ ಕೊಬ್ಬು ಇರಬೇಕು, ಕಲಬೆರಕೆಯ ಆಸೆ ಹುಟ್ಟಿಸುವಷ್ಟು ಬೆಲೆಯಿರುವ ಸರಕು ಅದು. ನಂದಿನಿಯ ದರಕ್ಕಿಂತ ಬಹಳ ಕೆಳಗೆ ಯಾರಾದರೂ ತುಪ್ಪ ಮಾರುತ್ತಿದ್ದರೆ ಹೇಗೆ ಸಾಧ್ಯವಾಯಿತು ಎಂದು ಕೇಳಿಕೊಳ್ಳಿ. ಐಸ್ ಕ್ರೀಮಿನ ಸಾಲಿನಲ್ಲಿ "ಫ್ರೋಜನ್ ಡೆಸರ್ಟ್" ಎಂದಿದ್ದರೆ ಅದರಲ್ಲಿರುವುದು ಸಸ್ಯಜನ್ಯ ಕೊಬ್ಬು. ಪನೀರಿನ ಮೇಲೆ "ಅನಲಾಗ್" ಎಂಬ ಪದ ಇದ್ದರೂ ಅದೇ ಕಥೆ.

ಸೋಪಿನ ಬಗ್ಗೆ ಒಂದೇ ಮಾತು. ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನ ಅಂಶದ ಸಂಖ್ಯೆ ನೋಡಿ. 76% ಮೇಲಿದ್ದರೆ ಮೊದಲ ದರ್ಜೆ, 70% ಎರಡನೆಯದು, 60% ಮೂರನೆಯದು. 76% ಇರುವ ಅಂಗಡಿ ಸೋಪು ಅದಕ್ಕಿಂತ ಕಡಿಮೆ ದರ್ಜೆಯ ಜಾಹೀರಾತಿನ ಸೋಪಿಗಿಂತ ಕೊಳ್ಳಲು ಯೋಗ್ಯ.

ಕೆಟ್ಟದು ಬಂದರೆ

ಹುಳ ಬಿದ್ದ ಬೇಳೆ, ಮುಗ್ಗಲು ವಾಸನೆಯ ಹಿಟ್ಟು ಬಂದಾಗ ಪ್ಯಾಕೆಟ್ಟನ್ನು ಕಸಕ್ಕೆ ಹಾಕಿ ಸರಕನ್ನು ಡಬ್ಬಿಗೆ ಸುರಿದುಬಿಟ್ಟರೆ ಕೈಯಲ್ಲಿ ಸಾಕ್ಷಿ ಉಳಿಯುವುದಿಲ್ಲ. ಡಬ್ಬಿಗೆ ಹಾಕುವ ಮುನ್ನ ಬ್ಯಾಚ್ ಸಂಖ್ಯೆ, ತಾರೀಖು, ತಯಾರಕರ ವಿಳಾಸ ಕಾಣುವಂತೆ ಫೋಟೊ ತೆಗೆದಿಡಿ, ಬಿಲ್ಲನ್ನೂ ಸರಕು ಮುಗಿಯುವ ತನಕ ಇಟ್ಟುಕೊಳ್ಳಿ. ಅಂಗಡಿ ಬ್ರ್ಯಾಂಡಿನಲ್ಲಿ ಒಂದು ಅನುಕೂಲ ಇದೆ. ಮಾರಿದವರೂ ಹೆಸರಿಟ್ಟವರೂ ಒಬ್ಬರೇ ಆದ್ದರಿಂದ ಕಂಪನಿಗೆ ಬರೆಯಿರಿ ಎಂದು ತಳ್ಳಿಹಾಕಲು ಅವರಿಗೆ ದಾರಿಯಿಲ್ಲ, ಕೌಂಟರಿನಲ್ಲೇ ಬದಲಿ ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಆಹಾರ ಸುರಕ್ಷತೆಯ ದೂರಾದರೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದಾಖಲಿಸಿ. ದೂರು ಬರೆಯುವಾಗ ಬ್ರ್ಯಾಂಡಿನ ಹೆಸರಿನ ಜೊತೆ ಕಾರ್ಖಾನೆಯ 14 ಅಂಕಿಯ ಸಂಖ್ಯೆಯನ್ನೂ ಹಾಕಿ, ಏಕೆಂದರೆ ತಪಾಸಣೆ ನಡೆಯಬೇಕಾದ್ದು ಸರಕು ತಯಾರಾದ ಜಾಗದಲ್ಲಿ.